ಮುಸುಕಿನೊಳಗಿನ ಸ್ಮಾರ್ಟ್ ಬೋರ್ಡ್

ಸೋಮವಾರದಿಂದ ಪ್ರತಿ ಪಾಠವೂ ಸ್ಮಾರ್ಟ್ ಬೋರ್ಡಿನ ಮೇಲೇ ಆಗಬೇಕು, ತಪ್ಪಿದವರಿಗೆ ನೋಟಿಸು ಎಂದು ಆದೇಶ ಬಂತು. ಶಿಕ್ಷಕರಿಗೆ ಅದನ್ನು ಕಲಿಸಲು ತಜ್ಞರಾದ ಹಂಪಣ್ಣವರ ಸಾಹೇಬರು ಶಾಲೆಗೆ ದಯಮಾಡಿಸಿದರು. ಬೋರ್ಡಿಗೆ ಹೊದಿಸಿದ್ದ ಬಟ್ಟೆಯನ್ನು ಮಾತ್ರ ತೆಗೆಯಲಿಲ್ಲ.

"ಮುಟ್ಟಬ್ಯಾಡ್ರಿ, ಕೆಡತೈತಿ. ನಾ ಹೇಳೂದು ಬರಕೊಳ್ರಿ" ಎಂದು ಮಧ್ಯಾಹ್ನದವರೆಗೂ ತಂತ್ರಜ್ಞಾನದ ಮಹಿಮೆ ಕೊಂಡಾಡಿದರು.

ಶಿಕ್ಷಕಿ ನೀಲಗಂಗಾ ಅಕ್ಕೋರಿಗೆ ಸೋಮವಾರದ ಚಿಂತೆ ಹತ್ತಿತು. ತರಬೇತಿಯ ಊಟದ ಉಸ್ತುವಾರಿಯೂ ಅವರದೇ. ಸಾಹೇಬರನ್ನು ಬಾಳೆ ಎಲೆಯ ಮುಂದೆ ಕೂಡಿಸಿದರು. ಪಾತ್ರೆಗಳ ಮುಚ್ಚಳ ತೆಗೆಯದೆ ಶುರು ಮಾಡಿದರು.

"ಇದರಾಗ ರೊಟ್ಟಿ ಅದಾವ್ರಿ. ಇದರಾಗ ಎಣಗಾಯಿ ಪಲ್ಯ. ರೊಟ್ಟಿ ಮುರದು ಪಲ್ಯ ಹಚಗೊಂಡು ತಿನ್ನೂದು. ಬರಕೊಳ್ರಿ ಸಾಹೇಬ್ರ."

"ಮೊದಲು ಬಡಸ್ರಿ!" ಸಾಹೇಬರು ಸಿಡುಕಿದರು. "ಬರಕೊಂಡ್ರ ಹೊಟ್ಟಿ ತುಂಬತೈತೇನು?"

"ತುಂಬೂದಿಲ್ಲೇನ್ರಿ? ಮುಂಜಾನಿಂದ ನಾವು ಹಂಗೇ ತುಂಬಿಸ್ಕೊಳ್ಳಾಕತ್ತೀವಿ."

ಶಿಕ್ಷಕರೆಲ್ಲ ಗೊಳ್ಳೆಂದು ನಕ್ಕರು. ಸಾಹೇಬರು ದಡದಡನೆ ಎದ್ದು ಹೋಗಿ ಬೋರ್ಡಿನ ಬಟ್ಟೆ ಕಿತ್ತೆಸೆದರು. ಮೇಲೆ ನೋಡಿದರು, ಕೆಳಗೆ ನೋಡಿದರು, ಹಿಂದೆ ಕೈಯಾಡಿಸಿದರು. ಆಮೇಲೆ ನೀಲಗಂಗಾ ಅಕ್ಕೋರ ಕಡೆ ಬಾಗಿ ಮೆಲ್ಲಗೆ ಕೇಳಿದರು:

"ಅಕ್ಕೋರ, ಇದನ್ನ ಚಾಲೂ ಮಾಡೂ ಬಟನ್ ಎಲ್ಲೈತ್ರಿ?"