ಬಿಲ್ಲಮರಸನ ಕಲ್ಲು

ಬಿಲ್ಲಮರಸನೆಂದು ಊರವರು ಎಣ್ಣೆ ಎರೆಯುತ್ತಿದ್ದ ವೀರಗಲ್ಲು ಅಂದು ನಡುಗುತ್ತಿತ್ತು. ಅರಸನ ಮೂಲ ಹುಡುಕಿ ಬಂದ ಪಂಡಿತರು ಅದರ ಮೇಲಿನ ಬರಹ ಓದಲೆಂದು ಜಿಡ್ಡು ತೊಳೆಸುತ್ತಿದ್ದರು.

“ಏನು ಭಯ?” ಬಿರುಕಿನಲ್ಲಿದ್ದ ಹಲ್ಲಿ ಕೇಳಿತು.

“ನಾನು ಅರಸನ ಕಲ್ಲಲ್ಲ, ದನಗಾಹಿ ಕೇತನದು. ಎಣ್ಣೆಯ ಆಸೆಗೆ ಸುಮ್ಮನಿದ್ದೆ. ಇನ್ನು ಕಿತ್ತೆಸೆಯುತ್ತಾರೆ.”

ಪಂಡಿತರು ಓದಿದರು: “ಕಳ್ಳರಿಂದ ಊರ ದನ ಬಿಡಿಸಿ ಕೇತ ಮಡಿದ.”

ಗೌಡರು ಕ್ಷಣ ತಡವರಿಸಿ, “ಕೇತ ಅಂದರೆ ನಮ್ಮ ಅರಸನ ಚಿಕ್ಕಂದಿನ ಹೆಸರೇ ಸ್ವಾಮಿ!” ಎಂದರು.

“ಸುಳ್ಳು, ಸುಳ್ಳು!” ಎಂದು ಹಲ್ಲಿ ಕಿರುಚಿತು. ಜನರ ಕಿವಿಗೆ ಬಿದ್ದದ್ದು ಲೊಚಲೊಚ ಮಾತ್ರ.

“ಹಲ್ಲಿ ಲೊಚಗುಟ್ಟಿತು! ಸತ್ಯ, ಸತ್ಯ!” ಎಂದು ಅವರು ಕೊಡಗಟ್ಟಲೆ ಎಣ್ಣೆ ಸುರಿದರು.

“ನೀನಂತೂ ಉಳಿದೆ,” ಎಂದಿತು ಹಲ್ಲಿ.

“ಉಳಿದೆ. ಆದರೆ ದನಗಳಿಗಾಗಿ ಒಮ್ಮೆ ಸತ್ತಿದ್ದ ಕೇತನನ್ನು ಇವತ್ತು ನನ್ನ ಮೈಮೇಲೆಯೇ ಮತ್ತೆ ಕೊಂದರು.”