ಪರದೆ ಹಿಂದಿನ ತಿಮ್ಮಾಜಿ

ಹೊಂಗೆಗಿರಿ ಅಂತ ಒಂದು ರಾಜ್ಯ ಇತ್ತು. ಎಲ್ಲಿತ್ತು ಅಂತ ಕೇಳಬೇಡಿ, ಕೇಳಿದರೆ ಕಥೆ ಇಲ್ಲೇ ನಿಲ್ಲುತ್ತೆ. ಆ ರಾಜ್ಯದ ಗುಡ್ಡದ ಮೇಲೆ ಗುಡಾಣಾಸುರ ಅನ್ನೋ ರಾಕ್ಷಸ ಇದ್ದ. ವರ್ಷಕ್ಕೊಂದು ಸಲ, ಸರಿಯಾಗಿ ಊಟದ ಹೊತ್ತಿಗೆ, ಅರಮನೆಗೆ ಬರೋನು. ರಾಜನ ಮಗಳು ಮುದ್ದರಸಿಗೆ ಮೂರು ಪ್ರಶ್ನೆ ಕೇಳೋನು. ಮೂರಕ್ಕೂ ಉತ್ತರ ಸಿಕ್ಕಿದರೆ ಬಂದ ದಾರಿಗೆ ವಾಪಸ್ಸು. ಒಂದು ತಪ್ಪಿದರೂ ಮುದ್ದರಸಿಯನ್ನ ತಿನ್ನೋದು. ಆದರೆ ಅವನಿಗೂ ಒಂದು ಕಟ್ಟಳೆ ಇತ್ತು. ಕೇಳಿದ ಪ್ರಶ್ನೆಗೆ ಉತ್ತರ ಅವನಿಗೂ ಗೊತ್ತಿರಬೇಕು. ಗೊತ್ತಿಲ್ಲದೆ ಕೇಳಿದರೆ ಗುಡ್ಡ ಬಿಟ್ಟು ಹೋಗಬೇಕು, ಮತ್ತೆ ಈ ಕಡೆ ತಲೆ ಹಾಕಬಾರದು. ಅದಕ್ಕೇ ಪಾಪ, ಅವನೂ ವರ್ಷವೆಲ್ಲ ಕೂತು ಓದೋನು.

ಮುದ್ದರಸಿ ಓದುತ್ತಿರಲಿಲ್ಲ. ಕುದುರೆ ಹತ್ತೋಳು, ಮರ ಹತ್ತೋಳು, ಪುಸ್ತಕ ಕಂಡರೆ ಆಕಳಿಸೋಳು. ಅವಳ ಪಾಲಿನದನ್ನೂ ಓದುತ್ತಿದ್ದವಳು ತಿಮ್ಮಾಜಿ, ಸಾಕುದಾಯಿಯ ಮಗಳು. ಇಬ್ಬರೂ ಒಂದೇ ಎದೆಹಾಲು ಕುಡಿದು ಬೆಳೆದವರು. ಸಿಂಹಾಸನದ ಹಿಂದೆ ಪರದೆ ಕಟ್ಟಿ ಒಬ್ಬರನ್ನ ಕೂರಿಸೋದು ಆ ಅರಮನೆಯ ಪದ್ಧತಿ. ತಿಮ್ಮಾಜಿ ಅಲ್ಲಿಂದ ಪಿಸುಗುಟ್ಟೋಳು, ಮುದ್ದರಸಿ ಅದನ್ನೇ ಗಟ್ಟಿಯಾಗಿ ಹೇಳೋಳು. ಹಾರ ಮುದ್ದರಸಿಗೆ, ಆರತಿ ಮುದ್ದರಸಿಗೆ, ಸೊಳ್ಳೆ ಕಡಿತ ತಿಮ್ಮಾಜಿಗೆ.

ಒಂದು ವರ್ಷ ಯಾರೋ ನೆಂಟರು, "ಪರದೆ ಹಿಂದೆ ಯಾರಿದಾರೆ ಅಮ್ಮಣ್ಣಿ?" ಅಂದರು. ಮುದ್ದರಸಿ ಒಬ್ಬಟ್ಟು ಮೆಲ್ಲುತ್ತಾ, "ಯಾರೂ ಇಲ್ಲ" ಅಂದಳು. ತಿಮ್ಮಾಜಿ ಕೇಳಿಸಿಕೊಂಡಳು. ಆವತ್ತಿನಿಂದ ಮಾತು ಕಮ್ಮಿ ಮಾಡಿದಳು, ಓದು ಮಾತ್ರ ಬಿಡಲಿಲ್ಲ. ಮಾತು ಕಮ್ಮಿಯಾಗಿದ್ದು ಮುದ್ದರಸಿಗೆ ಗೊತ್ತೇ ಆಗಲಿಲ್ಲ. ಗುಡಾಣನಿಗೆ ಗೊತ್ತಾಯ್ತು.

ಮೊದಲನೇ ಸಲ ಗಿಣಿಯಾಗಿ ಬಂದು ಕಿಟಕಿಯಲ್ಲಿ ಕೂತ. ಗಿಣಿಗೆ ಕೋರೆಹಲ್ಲಿತ್ತು, ಹಾಗಾಗಿ ತಿಮ್ಮಾಜಿಗೆ ಗುರುತು ಸಿಕ್ಕಿತು.

"ಅವಳ ಮೇಲೆ ಸಿಟ್ಟಿಲ್ವಾ ನಿನಗೆ?" ಅಂದ.

"ಇದೆ."

"ಮತ್ತೆ ಯಾಕೆ ಓದ್ತೀಯ?"

"ಓದದಿದ್ರೆ ನೀನು ಅವಳನ್ನ ತಿಂತೀಯಲ್ಲ," ಅಂತ ಕಿಟಕಿ ಹಾಕಿಕೊಂಡಳು.

ಎರಡನೇ ಸಲ ಬಳೆಗಾರನಾಗಿ ಬಂದ. "ನಿನ್ನನ್ನ ಯಾರೂ ಇಲ್ಲ ಅಂದುಬಿಟ್ಟಳಲ್ಲ ತಾಯಿ," ಅಂದ. "ಅಂದಳು," ಅಂದಳು ತಿಮ್ಮಾಜಿ. ಬಳೆ ತೊಡಿಸಿಕೊಂಡು ಅವನನ್ನ ಕಳಿಸಿ, ಬಾಗಿಲ ಹಿಂದೆ ಕೂತು ಚೆನ್ನಾಗಿ ಅತ್ತಳು.

ಮೂರನೇ ಸಲ ಸ್ವಂತ ರೂಪದಲ್ಲೇ ಬಂದ. ಸೂರು ತಗ್ಗಿದ್ದರಿಂದ ಬಗ್ಗಿ ನಿಂತಿದ್ದ. "ಒಂದೇ ಒಂದು ಪ್ರಶ್ನೆಗೆ ಸುಮ್ಮನಿರು. ಆಮೇಲೆ ಸಿಂಹಾಸನ ನಿನ್ನದೇ," ಅಂದ.

ತಿಮ್ಮಾಜಿ ತನ್ನ ಕೊರಳಿಗೆ ಹಾರ ಬೀಳೋದನ್ನ ನೆನೆಸಿಕೊಂಡಳು. ಸುಳ್ಳು ಯಾಕೆ ಹೇಳಬೇಕು, ಚೆನ್ನಾಗೇ ಇತ್ತು. ಆಮೇಲೆ ಮುದ್ದರಸಿ ಇಲ್ಲದ ಅರಮನೆ ನೆನೆಸಿಕೊಂಡಳು. ಅದು ಬೇಡವೇ ಬೇಡ ಅನ್ನಿಸಿತು. ಎರಡೂ ಒಟ್ಟಿಗೇ ಆಯ್ತು. ಇದು ರಾಕ್ಷಸರಿಗೆ ಅರ್ಥವಾಗೋ ವಿಷಯವಲ್ಲ. ಅವರಿಗೆ ಒಂದು ಹೊತ್ತಿಗೆ ಒಂದೇ. ಹಸಿವಾದರೆ ಬರೀ ಹಸಿವು, ಸಿಟ್ಟಾದರೆ ಬರೀ ಸಿಟ್ಟು. ಇದನ್ನೂ ತಿಮ್ಮಾಜಿ ಓದಿಕೊಂಡಿದ್ದಳು.

"ಆಗಲಿ, ಮೂರನೇ ಪ್ರಶ್ನೆಗೆ ನಾನು ಪಿಸುಗುಟ್ಟಲ್ಲ," ಅಂದಳು.

"ನಿನ್ನ ಸಿಟ್ಟಿನಾಣೆಗೂ?"

"ಸಿಟ್ಟಿನಾಣೆಗೂ. ಇನ್ನು ನೀನ್ಯಾಕೆ ಕಣ್ಣು ಹಾಳು ಮಾಡ್ಕೊಂಡು ಓದ್ತೀಯ? ಬಾಯಿಗೆ ಬಂದಿದ್ದು ಕೇಳು."

ಗುಡಾಣ ಪುಸ್ತಕ ಮಡಚಿಟ್ಟು, ಆ ದಿನ ಬರೋವರೆಗೂ ಮಲಗಿದ.

ಆ ದಿನ ಬಂತು. ಗುಡಾಣ ಬಾಳೆ ಎಲೆ ಜೊತೆಗೇ ತಂದಿದ್ದ. ಮೊದಲನೇ ಪ್ರಶ್ನೆ ನಕ್ಷತ್ರದ್ದು, ಎರಡನೇದು ಆನೆಗೆ ಕೊಡೋ ಮದ್ದಿನದು. ಎರಡೂ ಅವನ ಹಳೇ ಓದಿನವು. ತಿಮ್ಮಾಜಿ ಪಿಸುಗುಟ್ಟಿದಳು, ಮುದ್ದರಸಿ ಹೇಳಿದಳು. ಮೂರನೇದಕ್ಕೆ ಅವನ ಹತ್ತಿರ ಏನೂ ಇರಲಿಲ್ಲ. ಅತ್ತ ಇತ್ತ ನೋಡಿ, "ನಿಮ್ಮ ಹಿತ್ತಲಲ್ಲಿ ಇರುವೆ ಎಷ್ಟಿವೆ?" ಅಂದ. ಎಲೆ ಹಾಸಿ ನೀರು ಚಿಮುಕಿಸಿದ.

ಪರದೆ ಹಿಂದೆ ಸದ್ದಿಲ್ಲ.

"ತಿಮ್ಮೀ," ಅಂದಳು ಮುದ್ದರಸಿ. ಸದ್ದಿಲ್ಲ.

"ತಿಮ್ಮೀ, ಭಯ ಆಗ್ತಿದೆ ಕಣೇ." ಸದ್ದಿಲ್ಲ.

ಮೂರನೇ ಸಲ ಮುದ್ದರಸಿ ಪರದೆ ಕಡೆ ತಿರುಗಲಿಲ್ಲ, ತುಂಬಿದ ಸಭೆಗೇ ಹೇಳಿದಳು: "ಇಷ್ಟು ವರ್ಷ ಉತ್ತರ ಹೇಳಿದ್ದು ನಾನಲ್ಲ, ನನ್ನ ತಿಮ್ಮಾಜಿ. ಅವಳಿಗೆ ಏನಾಗಿದೆಯೋ, ಯಾರಾದರೂ ಮೊದಲು ಅವಳನ್ನ ನೋಡಿ. ಗುಡಾಣ, ನೀನು ನನ್ನನ್ನ ತಿನ್ನು, ಅವಳನ್ನ ಮುಟ್ಟಬೇಡ."

ಪರದೆ ಸರಿಯಿತು. ತಿಮ್ಮಾಜಿ ಕಣ್ಣೊರೆಸಿಕೊಳ್ಳುತ್ತಾ ಸಭೆಯ ಮಧ್ಯಕ್ಕೆ ಬಂದಳು.

"ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತಿಲ್ಲ. ಕಟ್ಟಳೆ ಪ್ರಕಾರ ನೀನೇ ಹೇಳಪ್ಪ. ಎಷ್ಟಿವೆ?"

ಗುಡಾಣ ಬೆರಳು ಮಡಚಿ ಎಣಿಸೋಕೆ ಹೋಗಿ ಕೈಬಿಟ್ಟ. "ನಿನಗೆ ಅವಳ ಮೇಲೆ ಸಿಟ್ಟಿತ್ತಲ್ಲೇ!"

"ಈಗಲೂ ಇದೆ."

"ಸಿಟ್ಟಿದ್ದ ಕಡೆ ಪ್ರೀತಿ ಹೆಂಗಿರುತ್ತೆ?"

"ಒಂದೇ ಮನೇಲಿ ಅತ್ತೆ ಸೊಸೆ ಇರಲ್ವಾ, ಹಂಗೆ."

ಗುಡಾಣನಿಗೆ ಅತ್ತೆಯೂ ಇರಲಿಲ್ಲ, ಸೊಸೆಯೂ ಇರಲಿಲ್ಲ. ಎಲೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ರಾಜ್ಯ ಬಿಟ್ಟು ಹೋದ.

ಮುದ್ದರಸಿ ತಿಮ್ಮಾಜಿಯನ್ನ ತಬ್ಬಿಕೊಂಡು ಗೊಳೋ ಅಂತ ಅತ್ತಳು. ಅತ್ತು ಮುಗಿದ ಮೇಲೆ, "ಒಂದು ಸಲ ಕರೆದಾಗಲೇ ಬರಬಹುದಿತ್ತಲ್ಲೇ?" ಅಂದಳು.

"ಬರಬಹುದಿತ್ತು," ಅಂದಳು ತಿಮ್ಮಾಜಿ.

ಮುದ್ದರಸಿ ಅವಳ ಕೈ ಹಿಡಿದುಕೊಂಡು, "ತಪ್ಪಾಯ್ತು ಕಣೇ," ಅಂದಳು.

ಇದರ ನೀತಿ ಏನು ಅಂದರೆ, ಸಿಟ್ಟಾದ ಗೆಳತಿ ಕೈ ಬಿಡ್ತಾಳೆ ಅಂದುಕೊಂಡವನು ಮೋಸ ಹೋಗ್ತಾನೆ. ಕೈ ಬಿಡದವಳಿಗೆ ನೋವೇ ಆಗಲ್ಲ ಅಂದುಕೊಂಡವಳೂ ಮೋಸ ಹೋಗ್ತಾಳೆ. ಮೊದಲನೇ ತಪ್ಪು ರಾಕ್ಷಸರು ಮಾಡೋದು. ಎರಡನೇದು ನಾವು ನೀವು ದಿನಾ ಮಾಡ್ತೀವಿ.