ಹೊಳೆಗಡಿಯಷ್ಟು ಚಿಕ್ಕ ದೇಶ

ಹೊಳೆಗಡಿಯನ್ನು ರಾಜ್ಯ ಅನ್ನುವುದು ಬರೀ ಮರ್ಯಾದೆಗೆ. ಈ ತುದಿಯಲ್ಲಿ ಸೀನಿದರೆ ಆ ತುದಿಯವರು ‘ಚಿರಂಜೀವಿ’ ಅನ್ನುವಷ್ಟು ಜಾಗ. ಆದರೆ ಅದಕ್ಕೊಂದು ಬಂದರಿತ್ತು, ಬಂದರಿಗೊಂದು ಮೆಣಸಿನ ಪೇಟೆ, ಪೇಟೆಗೊಂದು ಕಟ್ಟಳೆ. ಹಗಲು ಆಡಿದ ದರ ಸಂಜೆ ದೀಪ ಹಚ್ಚುವವರೆಗೆ ಮಾತ್ರ. ಅಷ್ಟರೊಳಗೆ ಸರಕು ಕೈಗೆ ಬಂತೋ ಸರಿ. ಇಲ್ಲವೋ, ಮರುದಿನ ಹೊಸದಾಗಿ ಮಾತಾಡಬೇಕು. ಅರಸ ಚೆನ್ನರಸನೂ ಇದಕ್ಕೆ ಹೊರತಲ್ಲ.

ಆ ಪೇಟೆಯಲ್ಲೇ ತಲೆ ನರೆಸಿಕೊಂಡವನು ಕೇತಿಸೆಟ್ಟಿ. ಆಸ್ಥಾನದಲ್ಲೂ ಅವನಿಗೊಂದು ಮಣೆ ಇತ್ತು.

ಒಂದು ದಿನ ಬೃಹದ್ದೇಶದ ರಾಯಭಾರಿ ಭೂರಿದತ್ತ ಬಂದಿಳಿದ. ಅವನ ಬಿಳಿ ಕುದುರೆಯ ಮೇಲೆ ಅರಸನ ಕಣ್ಣು ಬಿತ್ತು. ಸೆಟ್ಟಿ ಅರಸನ ಪರವಾಗಿ ಒಂದು ಮೂಟೆ ಮೆಣಸಿಗೆ ವ್ಯಾಪಾರ ಕುದುರಿಸಿ, ಕುದುರೆಯನ್ನು ಬೆಳಿಗ್ಗೆ ಹಿಡಿದುಕೊಂಡು ಹೋದರಾಯಿತೆಂದು ಮನೆಗೆ ಹೋದ. ಅಲ್ಲೇ ಎಡವಿದ್ದು.

“ಎರಡು ಮೂಟೆ, ಸೆಟ್ಟರೇ,” ಅಂದ ಭೂರಿದತ್ತ ಬೆಳಿಗ್ಗೆ, ಮೀಸೆಯೊಳಗೇ ನಗುತ್ತ. “ನಿನ್ನೆ ದೀಪ ಹತ್ತಿತಲ್ಲ. ನಿಮ್ಮದೇ ಕಟ್ಟಳೆ, ಕೇಳಿ ತಿಳಿದುಕೊಂಡೆ.”

ಸೆಟ್ಟಿ ಎರಡು ಮೂಟೆ ಕೊಟ್ಟ. “ನಮ್ಮ ಕಟ್ಟಳೆ ತಮಗೂ ಒಪ್ಪಿಗೆಯಾಯಿತಲ್ಲ, ಸಂತೋಷ,” ಅಂದ.

ಆಮೇಲೆ ಭೂರಿದತ್ತ ಆಸ್ಥಾನಕ್ಕೆ ಬಂದು ನಿಜವಾದ ಗಂಟು ಬಿಚ್ಚಿದ. “ನಮ್ಮ ಸಾರ್ವಭೌಮರ ಅಪ್ಪಣೆ. ಬಂದರಿನ ಬಾಗಿಲ ಮೇಲೆ ನಮ್ಮ ಬಾವುಟ ಏರಬೇಕು. ನಾಳೆ ಸಂಜೆಯೊಳಗೆ ಹೂಂ ಅನ್ನಿ. ಇಲ್ಲವಾದರೆ ದಂಡು ಬರುತ್ತದೆ.”

ಅವನು ಆಚೆ ಹೋದದ್ದೇ ತಡ, ಅರಸ ಸೆಟ್ಟಿಯ ಕಡೆ ತಿರುಗಿದ.

“ಕುದುರೆ ವ್ಯಾಪಾರದಲ್ಲಿ ಏಮಾರಿದವನು ನೀನು. ಈ ವ್ಯಾಪಾರವನ್ನೂ ನೀನೇ ಮುಗಿಸು. ಆ ಬಾವುಟ ಏರಿದರೆ ಪೇಟೆ ಅವರದು. ಆಮೇಲೆ ನೀನು ತಕ್ಕಡಿ ಎತ್ತಬೇಕಾದರೂ ಅವರನ್ನು ಕೇಳಬೇಕು.”

ಅರಸನ ಬೈಗುಳಕ್ಕಿಂತ ಆ ತಕ್ಕಡಿಯ ಮಾತೇ ಸೆಟ್ಟಿಗೆ ಹೆಚ್ಚು ಚುಚ್ಚಿತು.

ಮರುದಿನ ಸಂಜೆಯ ಹೊತ್ತಿಗೆ ಎಲ್ಲರೂ ಆಸ್ಥಾನದಲ್ಲಿ ಸೇರಿದರು. ಸೆಟ್ಟಿ ಕೈಮುಗಿದು ನಿಂತ.

“ಸ್ವಾಮಿ, ಹೆಣ್ಣು ಕೊಡೋ ಮುಂಚೆ ಗಂಡಿನ ಮನೆ ವಿಚಾರಿಸೋದಿಲ್ವೇ? ಹಾಗೆ ಕೇಳ್ತೀನಿ. ತಮ್ಮ ದೇಶ ಎಷ್ಟು ದೊಡ್ಡದು?”

“ಮೂಡಲಿನವರು ಎದ್ದು ಗಂಜಿ ಕುಡಿದು ಹೊಲಕ್ಕೆ ಹೋದರೂ ಪಡುವಲಿನವರು ಇನ್ನೂ ಗೊರಕೆ ಹೊಡೆಯುತ್ತಿರುತ್ತಾರೆ. ಒಂದು ಮೂಲೆಯಲ್ಲಿ ಹಿಮ, ಇನ್ನೊಂದು ಮೂಲೆಯಲ್ಲಿ ಕಾದ ಮರಳು.”

“ಅಷ್ಟೇನಾ. ನಾನು ಇನ್ನೂ ದೊಡ್ಡದು ಅಂದುಕೊಂಡಿದ್ದೆ.”

ಭೂರಿದತ್ತನ ಮುಖ ಕೆಂಪಾಯಿತು. “ಅಷ್ಟೇನಾ ಅಂದರೆ? ನಾನು ರಾಜಧಾನಿ ಬಿಡುವಾಗ ಗಬ್ಬವಾದ ನಮ್ಮ ಕುದುರೆ ನಮ್ಮ ಗಡಿ ದಾಟುವ ಮುಂಚೆ ಮರಿ ಹಾಕಿತು.”

“ಇರಬಹುದು. ಲೋಕದಲ್ಲಿ ಮರ್ಯಾದೆ ಹೇಗೆ?”

“ನಮ್ಮ ಸಾರ್ವಭೌಮರು ಕೆಮ್ಮಿದರೆ ಅಕ್ಕಪಕ್ಕದ ಅರಸರು ಕಷಾಯ ಕುಡಿಯುತ್ತಾರೆ.”

“ಮನೆತನ ಹಳೇದೋ, ಈಚಿನದೋ?”

“ನಮ್ಮ ಚರಿತ್ರೆ ಓದಿ ಮುಗಿಸಿದ ಪಂಡಿತ ಇನ್ನೂ ಹುಟ್ಟಿಲ್ಲ. ಅಷ್ಟು ರಾಜರು ಆಳಿ ಹೋಗಿದ್ದಾರೆ.”

“ಪಾಪ. ಒಬ್ಬರು ಹೋದರೆ ಗಡಿಯವರಿಗೆ ಬೇಗ ಸುದ್ದಿ ಮುಟ್ಟುತ್ತೋ?”

“ಎಲ್ಲಿಯ ಬೇಗ? ಈಗಿನವರ ತಂದೆ ತೀರಿಕೊಂಡ ಸುದ್ದಿ ಬಂದಾಗ ಗಡಿಯ ಊರಿನವರು ಅವರದೇ ಹುಟ್ಟುಹಬ್ಬಕ್ಕೆ ಹೋಳಿಗೆ ತಟ್ಟುತ್ತಿದ್ದರು. ರಾಜಧಾನಿಯಲ್ಲಿ ವರ್ಷದ ತಿಥಿ ಹತ್ತಿರ ಬಂದಿತ್ತು. ಈಗ ಗೊತ್ತಾಯಿತೇ, ಎಷ್ಟು ದೊಡ್ಡದು ಅಂತ?”

“ಚೆನ್ನಾಗಿ ಗೊತ್ತಾಯ್ತು,” ಅಂದ ಸೆಟ್ಟಿ. “ಈ ಬಾವುಟದ ಅಪ್ಪಣೆ ತಮ್ಮ ಸಾರ್ವಭೌಮರು ಆಡಿದ್ದು ಯಾವಾಗ?”

“ನಾನು ಹೊರಟ ದಿನ.”

“ಅಂದರೆ ಆ ಕುದುರೆ ಗಬ್ಬವಾದಾಗ. ಆಮೇಲೆ ಎಷ್ಟು ಸಲ ದೀಪ ಹತ್ತಿತು ಸ್ವಾಮಿ? ಈ ಬಂದರಿನಲ್ಲಿ ನಿನ್ನೆಯ ಮಾತು ಇವತ್ತಿಗಿಲ್ಲ ಅಂತ ಎರಡನೇ ಮೂಟೆ ಎತ್ತಿಕೊಂಡವರು ತಾವೇ.”

“ಅದು ವ್ಯಾಪಾರ. ಇದು ರಾಜಾಜ್ಞೆ.”

“ಯಾವ ರಾಜರದ್ದು? ಇವತ್ತು ಸಿಂಹಾಸನದ ಮೇಲೆ ಯಾರಿದ್ದಾರೆ ಅಂತ ಎದೆಮುಟ್ಟಿ ಹೇಳಿ. ಅಲ್ಲಿ ಮಗ ಕೂತಿದ್ದು, ಇಲ್ಲಿ ನೀವು ಅಪ್ಪನ ಬಾವುಟ ಏರಿಸಿದರೆ, ಹೋಗೋ ತಲೆ ನಮ್ಮದಲ್ಲ.”

ಭೂರಿದತ್ತನ ಕೈ ತಾನಾಗಿಯೇ ಕುತ್ತಿಗೆಗೆ ಹೋಯಿತು.

“ಹೋಗಿ ಹೊಸ ಅಪ್ಪಣೆ ತರುತ್ತೇನೆ,” ಅಂದ.

“ತನ್ನಿ. ಬರೋ ಹೊತ್ತಿಗೆ ಅದೂ ಹಳಸಿರುತ್ತೆ.”

“ಹಾಗಾದರೆ ನಮ್ಮ ಸಾರ್ವಭೌಮರು ಏನು ಮಾಡಬೇಕು ಅಂತೀರಿ?”

“ಒಂದೇ ದಾರಿ. ತಮ್ಮ ದೇಶವನ್ನು ಹೊಳೆಗಡಿಯಷ್ಟು ಚಿಕ್ಕದು ಮಾಡಿಕೊಳ್ಳಲಿ. ಆಗ ಬೆಳಿಗ್ಗೆ ಆಡಿದ ಮಾತು ದೀಪ ಹಚ್ಚೋದರೊಳಗೆ ಗಡಿ ಮುಟ್ಟುತ್ತೆ.”

ಭೂರಿದತ್ತ ಬಾವುಟ ಸುತ್ತಿಕೊಂಡು ಹಡಗು ಹತ್ತಿದ. ಚೆನ್ನರಸ ಹೊಟ್ಟೆ ಹಿಡಿದುಕೊಂಡು ನಕ್ಕ.

“ಆ ಬಿಳಿ ಕುದುರೆ ನಿನಗೇ ಇರಲಿ, ಸೆಟ್ಟಿ. ನಾಳೆ ಬಂದು ಹಿಡಿದುಕೊಂಡು ಹೋಗು.”

ಸೆಟ್ಟಿ ಕಿಟಕಿಯಾಚೆ ನೋಡಿದ. ಪೇಟೆಯಲ್ಲಿ ಆಳೊಬ್ಬ ದೀಪದ ಕಂಬಕ್ಕೆ ಎಣ್ಣೆ ತರುತ್ತಿದ್ದ.

“ನಾಳೆ ಯಾಕೆ ಪ್ರಭು,” ಅನ್ನುತ್ತ ಲಾಯದ ಕಡೆಗೆ ಓಡಿದ.